ಮೇಲಿನ ಡಬ್ಬಿ

ಮದುವೆಯಾಗಿ ಈ ಊರಿಗೆ ಬಂದ ಮೂರನೇ ದಿನ ಮಧ್ಯಾಹ್ನ ನಾನು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬೀದಿಗೆ ಓಡಿದ್ದೆ. ಒಂದು ಗಂಟೆಗೆ ಹತ್ತಿ ಜಿನ್ನಿಂಗ್ ಮಿಲ್ಲಿನ ಸೈರನ್ ಕೂಗಿತು, ನಮ್ಮತ್ತೆ ಹಾಲಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು, ನಾನೂ ಪಕ್ಕದಲ್ಲಿ ಅಡ್ಡಾದೆ. ಇನ್ನೇನು ಕಣ್ಣು ಹತ್ತಬೇಕು, ಅತ್ತೆಯ ಬಾಯಿಂದ ಗಂಡಸಿನ ದನಿ ಬಂತು. ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಕೊಡೆ ಎಲ್ಲಿಟ್ಟೆ ಹಾಲೀ?" ಎಂದಿತು. ಅಯ್ಯಯ್ಯೋ ಎಂದು ನಾನು ಹೊರಗೆ ಬಂದರೆ ಬೀದಿಯಲ್ಲಿ ಒಂದು ನಾಯಿಯೂ ಎದ್ದಿಲ್ಲ. ಕಿಟಕಿ ಕಿಟಕಿಯಿಂದಲೂ ಅಂಥದೇ ಮಾತು. ಒಂದು ಮನೆಯ ಗಂಡಸು ಹೆಂಗಸಿನ ದನಿಯಲ್ಲಿ ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿ ಎನ್ನುತ್ತಿದ್ದ. ಇನ್ನೊಂದು ಮನೆಯ ಹೆಂಗಸು ಮುದುಕನ ದನಿಯಲ್ಲಿ ಎಮ್ಮೆಯನ್ನು ಬೈಯುತ್ತಿದ್ದಳು. ನನಗೆ ಗೊತ್ತಿದ್ದ ದಾರಿ ಒಂದೇ, ಮಿಲ್ಲಿನದು. ಓಡಿದೆ.

ಊರಿಗೆ ಊರೇ ಮಲಗಿದ್ದಾಗ ಮನೆಯಾಚೆ ಎಚ್ಚರವಿರುತ್ತಿದ್ದ ಒಬ್ಬನೇ ಮನುಷ್ಯ ನನ್ನ ಗಂಡ ಕೊಟ್ರೇಶ. ಮಧ್ಯಾಹ್ನ ಒಂದಕ್ಕೆ ಮಲಗುವ ಸೈರನ್, ಮೂರೂವರೆಗೆ ಏಳುವ ಸೈರನ್, ಎರಡನ್ನೂ ಕೂಗಿಸುವುದು ಅವರ ಕೆಲಸ. ನಾನು ಏದುಸಿರು ಬಿಡುತ್ತ ಹೇಳಿದ್ದನ್ನೆಲ್ಲ ಕೇಳಿ ಅವರು ಹತ್ತಿಯ ಅಂಡಿಗೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು.

"ಅದು ನಮ್ಮಪ್ಪ ಕಣೆ. ಹೋಗಿ ಆರು ವರ್ಷ ಆಯ್ತು. ಕೊಡೆ ಇನ್ನೂ ಸಿಕ್ಕಿಲ್ಲ."

"ಮದ್ವೆಗೆ ಮುಂಚೆ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ಬರ್ತಿದ್ಯಾ?"

ಬರುತ್ತಿರಲಿಲ್ಲ, ನಿಜ. ಆದರೆ ಒಂದು ತಿಂಗಳಿಗೆ ಅಭ್ಯಾಸವಾಯಿತು. ಹೋದವರು ಇಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿ ಮಾತ್ರ ಮಾತಾಡುತ್ತಾರೆ, ಒಂದು ಬಾಯಿಗೆ ಒಬ್ಬರೇ, ಸಾಮಾನ್ಯವಾಗಿ ಗಂಡನಿಗೆ ಹೆಂಡತಿಯ ಬಾಯಿ, ಹೆಂಡತಿಗೆ ಗಂಡನ ಬಾಯಿ. ದೊಡ್ಡ ಮಾತು ಯಾರೂ ಆಡಿದ್ದಿಲ್ಲ. ಹೂತಿಟ್ಟ ಚಿನ್ನದ ಸುದ್ದಿ ಕೇಳಿದವರು ಈ ಊರಲ್ಲಿ ಒಬ್ಬರೂ ಇಲ್ಲ. ಮಲಗಿದವರಿಗೆ ತಮ್ಮ ಬಾಯಿಂದ ಬಂದದ್ದು ಕೇಳಿಸುವುದಿಲ್ಲವಾದ್ದರಿಂದ ಮನೆಯಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಕೇಳಿಸಿಕೊಂಡು ಎದ್ದ ಮೇಲೆ ಹೇಳಬೇಕು. ಅದಕ್ಕೆ ಕಿವಿ ಕೂರುವುದು ಎನ್ನುತ್ತಾರೆ. ಕಿವಿ ಕೂತವರು ಮಾತ್ರ ತುಟಿ ಬಿಚ್ಚಬಾರದು. ಹಿಂದಿನ ಬೀದಿಯಲ್ಲಿ ಒಬ್ಬಳು ತಡೆಯಲಾರದೆ "ಇಲ್ಲೇ ಇದೀನಪ್ಪಾ" ಎಂದುಬಿಟ್ಟಳಂತೆ. ಅಲ್ಲಿಗೆ ಮುಗಿಯಿತು, ಆ ದನಿ ಮತ್ತೆ ಬರಲಿಲ್ಲ. ಹಿಂದೆ ಯಾರೋ ಟೇಪ್ ರೆಕಾರ್ಡರ್ ಇಟ್ಟು ನೋಡಿದರು, ಬರೀ ಗೊರಕೆ ಸಿಕ್ಕಿತು. ನಾನು ಎಷ್ಟೋ ವರ್ಷ ಅತ್ತೆಗೆ ಕಿವಿ ಕೂತೆ. ಎದ್ದ ಕೂಡಲೇ ಅವರು "ಏನಂತೆ?" ಎನ್ನುವುದು, ನಾನು "ಕೊಡೆ" ಎನ್ನುವುದು, ಅವರು "ಬದುಕಿದ್ದಾಗ ಒಂದಿನ ತಾನೇ ಹುಡ್ಕಿದ್ರೆ ಕೇಳು" ಎಂದು ಮುಖ ತೊಳೆಯಲು ಏಳುವುದು. ಆ ಮಧ್ಯಾಹ್ನಗಳಷ್ಟು ಸುಖವನ್ನು ನಾನು ಆಮೇಲೆ ಕಂಡಿಲ್ಲ.

ಹನ್ನೆರಡೂವರೆಗೆ ನಾನೇ ಮಿಲ್ಲಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದೆ. ನಾಲ್ಕು ಡಬ್ಬಿಯ ಹಿತ್ತಾಳೆ ಕ್ಯಾರಿಯರ್, ನನ್ನ ತವರಿನದು. ಕೆಳಗಿನ ಮೂರರಲ್ಲಿ ರೊಟ್ಟಿ, ಪಲ್ಯ, ಅನ್ನ ಸಾರು. ಮೇಲಿನ ಪುಟ್ಟ ಡಬ್ಬಿಯಲ್ಲಿ ಹುರಿದ ಕಡಲೆಕಾಯಿ ಬೀಜ ಮತ್ತು ಒಂದು ತುಂಡು ಬೆಲ್ಲ. ಆ ಮೇಲಿನ ಡಬ್ಬಿ ಅತ್ತೆಗೆ ಗೊತ್ತಿರಲಿಲ್ಲ, ಅದು ನಮ್ಮಿಬ್ಬರದು. ಇವರು ಅಲ್ಲಿಯ ನಲ್ಲಿಯಲ್ಲೇ ಕ್ಯಾರಿಯರ್ ತೊಳೆದು ಸಂಜೆ ತರುವಾಗ ಮೇಲಿನ ಡಬ್ಬಿ ಎಂದೂ ಬರಿದಾಗಿ ಬರುತ್ತಿರಲಿಲ್ಲ. "ಬರೀ ಡಬ್ಬಿ ಹಿಂದಕ್ಕೆ ಕೊಡಬಾರ್ದು" ಎಂದು ಏನಾದರೂ ಹಾಕಿ ತರುತ್ತಿದ್ದರು. ದೀಪದ ಬತ್ತಿಗೆ ಒಂದು ಹಿಡಿ ಹತ್ತಿ, ಇಲ್ಲವೆ ಎರಡು ನೆಲ್ಲಿಕಾಯಿ. ಒಂದು ಸಲ ದಾರಿಯಲ್ಲಿ ಸಿಕ್ಕಿದ ಗುಂಡಿ ತಂದಿದ್ದರು, ಯಾರ ಅಂಗಿಯದೋ ಏನೋ. ನಾನು ಬಾಗಿಲಲ್ಲೇ ಡಬ್ಬಿ ತೆಗೆದು ನೋಡುವವರೆಗೆ ಚಪ್ಪಲಿ ಬಿಡದೆ ನಿಂತಿರುತ್ತಿದ್ದರು.

ನಮ್ಮ ಜಗಳ ಆದದ್ದು ಒಂದು ಬಾಗಿಲಿಗೆ. ಒಂದು ಭಾನುವಾರ ನಾನು ತವರಿಗೆ ಹೋಗಿ ಬರುವಷ್ಟರಲ್ಲಿ ಇವರು ಮಿಲ್ಲಿನಲ್ಲಿ ಮಿಕ್ಕಿದ್ದ ಬಣ್ಣ ತಂದು ಅಡುಗೆಮನೆಯ ಬಾಗಿಲಿಗೆ ಬಳಿದುಬಿಟ್ಟಿದ್ದರು. ಹಸಿರೂ ಅಲ್ಲ, ಬೂದಿಯೂ ಅಲ್ಲ, ಯಂತ್ರಗಳಿಗೆ ಬಳಿಯುವ ಒಂದು ಹಾಳು ಬಣ್ಣ. ನನಗೆ ಅಳುವೇ ಬಂತು.

"ಇದೇನು ಮನೇನೋ ಮಿಲ್ಲೋ?"

"ಕೊಳೆ ಕಾಣಲ್ಲ ಕಣೆ."

"ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ ನಿಮಗೆ? ದಿನಾ ಆ ಬಾಗ್ಲು ನೋಡ್ಕೊಂಡು ಬೇಯ್ಸೋಳು ನಾನು."

ಅವರು ಬ್ರಷ್ಷು ತೊಳೆಯಲು ಹಿತ್ತಲಿಗೆ ಹೋದರು. ಸೋಮವಾರ ಬೆಳಿಗ್ಗೆ ಮಾತಿಲ್ಲದೆ ಹೋದರು. ನಾನು ಕ್ಯಾರಿಯರ್ ಕಟ್ಟಿದೆ, ಮೇಲಿನ ಡಬ್ಬಿಯನ್ನು ಬೇಕೆಂದೇ ಖಾಲಿ ಬಿಟ್ಟೆ. ನಾನೂ ಹೋಗಲಿಲ್ಲ, ಮಿಲ್ಲಿನ ಕಾವಲುಗಾರನ ಕೈಯಲ್ಲಿ ಕಳಿಸಿದೆ. ಗೊತ್ತಾಗಲಿ ಎಂದುಕೊಂಡು ಮಲಗಿದೆ.

ಅವತ್ತು ಮೂರೂವರೆಯ ಸೈರನ್ ಕೂಗಲಿಲ್ಲ. ಊರು, ಕಿವಿ ಕೂತವರೂ ಸೇರಿ, ಐದೂಕಾಲರವರೆಗೆ ಮಲಗಿತ್ತು. ಈಗಲೂ ಜನ ಆ ದಿನವನ್ನು ನೆನೆದು, ಎಂಥಾ ನಿದ್ದೆ ಬಿತ್ತು ಅವತ್ತು, ಎನ್ನುತ್ತಾರೆ, ನಾನು ಪಕ್ಕದಲ್ಲಿದ್ದೇನೆಂದು ನೆನಪಾದರೆ ಮಾತು ನಿಲ್ಲಿಸುತ್ತಾರೆ. ಸೈರನ್ನಿನ ಹಗ್ಗದ ಕೆಳಗೆ ಕೂತಲ್ಲೇ ಎದೆ ನಿಂತು ಅವರು ಹೋಗಿದ್ದರು. ನಾನೇ ಊಟ ಒಯ್ದಿದ್ದರೆ, ಎಂದು ಯೋಚಿಸಿ ಯೋಚಿಸಿ ಸಾಕಾಗಿದೆ. ಮಿಲ್ಲಿನವರು ಅವರ ಚಪ್ಪಲಿ, ಟವಲು, ಕ್ಯಾರಿಯರ್ ಎಲ್ಲವನ್ನೂ ಒಂದು ಗೋಣಿಚೀಲದಲ್ಲಿ ಹಾಕಿ ಕಳಿಸಿದರು. ಚೀಲದ ಬಾಯಿ ಬಿಚ್ಚದೆ ಹಾಗೇ ಅಟ್ಟಕ್ಕೆ ಎಸೆದೆ.

ಮಾತ್ರೆ ಶುರುವಾದದ್ದು ಆಗ. ನಿದ್ದೆ ಬರುತ್ತಿರಲಿಲ್ಲವೆಂದು ಎಲ್ಲರಿಗೂ ಹೇಳಿದೆ, ಸುಳ್ಳು. ನಿದ್ದೆ ಬರುತ್ತಿತ್ತು, ಅದಕ್ಕೇ ಹೆದರಿಕೆ. ಮಲಗಿದರೆ ನನ್ನ ಬಾಯಿಂದ ಅವರು ಮಾತಾಡುತ್ತಾರೆ, ಅತ್ತೆ ಕಿವಿ ಕೂತಿರುತ್ತಾರೆ, ಆ ಮಾತು "ಡಬ್ಬಿ ಖಾಲಿ ಕಳ್ಸಿದ್ಯಲ್ಲೇ" ಎಂದೇ ಇರುತ್ತದೆ, ನನಗೆ ಖಂಡಿತ ಗೊತ್ತಿತ್ತು. ಮಾತ್ರೆ ನುಂಗಿ ಮಲಗಿದವರ ಬಾಯಲ್ಲಿ ಯಾರೂ ಮಾತಾಡುವುದಿಲ್ಲ. ಮಧ್ಯಾಹ್ನದ ಮಾತ್ರೆಯಿಂದ ರಾತ್ರಿ ನಿದ್ದೆ ಕೆಟ್ಟಿತು, ರಾತ್ರಿಗೂ ಒಂದು ಸೇರಿತು. ಹತ್ತು ದಿನಕ್ಕೆಂದು ಬರೆದುಕೊಟ್ಟದ್ದು ಒಂಬತ್ತು ವರ್ಷ ನಡೆಯಿತು. ಅತ್ತೆ ಮೊದಲ ಒಂದು ವರ್ಷ ದಿನಾ ನನ್ನ ಪಕ್ಕದಲ್ಲಿ ಕೂತರು. ಆಮೇಲೆ ಕೂರುವುದನ್ನು ಬಿಟ್ಟರು, ಏನೂ ಕೇಳಲಿಲ್ಲ.

ಕೇಳಿದ್ದು ಹೋದ ಯುಗಾದಿ ಆದ ಮೇಲೆ. ಅವರ ಬಲಗಿವಿ ಹೋಗಿ ಎರಡು ವರ್ಷವಾಗಿತ್ತು. ಎಡಗಿವಿಯನ್ನು ತೋರಿಸಿದಾಗ ಕಿವಿಯ ಡಾಕ್ಟರು, ನರವೇ ಸಾಯುತ್ತಿದೆ, ಮಷಿನ್ ಹಾಕಿದರೂ ಪ್ರಯೋಜನವಿಲ್ಲ, ಹೆಚ್ಚೆಂದರೆ ಆರು ತಿಂಗಳು ಎಂದರು. ಅತ್ತೆ ಮನೆಗೆ ಬಂದು ನೀರು ಕುಡಿದು, ಚೊಂಬು ಕೆಳಗಿಡದೆ ಹೇಳಿದರು.

"ಮಂಗ್ಳಾ, ಒಂದು ಕೇಳ್ತೀನಿ, ರೇಗಬೇಡ. ಕಿವಿ ಪೂರ್ತಿ ಹೋಗೋಕ್ ಮುಂಚೆ ನನ್ ಮಗನ ದನಿ ಒಂದ್ಸಲ ಕೇಳ್ಬೇಕು. ನನ್ ಬಾಯಿ ಆ ಕೊಡೆಯವ್ರ ಪಾಲಾಗಿದೆ. ನನ್ ಮಗ ಇರೋದು ನಿನ್ ಬಾಯಲ್ಲಿ. ನೀನು ಒಂಬತ್ತು ವರ್ಷದಿಂದ ಬಾಗ್ಲು ಹಾಕ್ಕೊಂಡು ಕೂತಿದೀಯ."

ನಾನು ಇದ್ದಬದ್ದ ಮಾತ್ರೆಯ ಶೀಟುಗಳನ್ನೆಲ್ಲ ಒಯ್ದು ಬಚ್ಚಲೊಲೆಗೆ ಹಾಕಿದೆ. ಅದು ನಾನು ಮಾಡಿದ ದಡ್ಡತನ.

ಮೊದಲ ದಿನ ಏನೂ ಆಗಲಿಲ್ಲ, ಇಷ್ಟೇನಾ ಎಂದು ಬೀಗಿದೆ. ಎರಡನೇ ದಿನ ಕೈ ನಡುಗಿ ಟೀ ಲೋಟ ತುಟಿಗೆ ಹೋಗಲೊಲ್ಲದು. ಮೈಯೆಲ್ಲ ಬೆವರು, ರವಿಕೆ ಹಿಂಡಿದರೆ ನೀರು ಬರುವಷ್ಟು. ಚರ್ಮದ ಕೆಳಗೆ ಇರುವೆ ಹರಿದಂತೆ. ಕುಕ್ಕರ್ ಕೂಗಿದರೆ ಯಾರೋ ನೆತ್ತಿಗೆ ಹೊಡೆದಂತಾಗಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು, ನಾಲಿಗೆಗೆ ತುಕ್ಕಿನ ರುಚಿ, ನಿಂತರೆ ನೆಲ ಒಂದು ಕಡೆ ವಾಲುತ್ತಿತ್ತು. ನಿದ್ದೆಯಂತೂ ಒಂದು ಗಳಿಗೆಯೂ ಇಲ್ಲ. ಮೂರನೇ ದಿನ ಅತ್ತೆ ಪಾಪ, ಮಜ್ಜಿಗೆ ತಂದುಕೊಟ್ಟರೆ ಲೋಟ ತಳ್ಳಿ, "ನಿಮ್ಮ ಮಗ ನಿಮ್ಮ ಮಗ ಅಂತ ನನ್ ಜೀವ ತೆಗೀಬೇಡಿ" ಎಂದು ಕಿರುಚಿದೆ. ಅಡುಗೆಯಾಯಿತು ಎಂದು ಮೂರು ಸಲ ಕೂಗಿದರೂ ಕೇಳಿಸದ ಕಿವಿಗೆ ಆ ಮಾತು ಮಾತ್ರ ಸರಿಯಾಗಿ ಕೇಳಿಸಿತು. ಅವರು ಕೂತು ನೆಲದ ಮೇಲಿನ ಮಜ್ಜಿಗೆ ಒರೆಸಿದರು. ನಾಲ್ಕನೇ ದಿನ ನಾನು ಒಲೆಯ ಮುಂದೆ ಬಿದ್ದೆ.

ಡಾಕ್ಟರ್ ತಸ್ಲೀಮಾ ಮನೆಗೇ ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ಕ್ಲಿನಿಕ್ ಇಟ್ಟಿರುವ ಸಣ್ಣ ವಯಸ್ಸಿನ ಡಾಕ್ಟರು, ಬಾಯಿ ಜೋರು.

"ಒಂಬತ್ತು ವರ್ಷದ ಮಾತ್ರೇನ ಒಂದೇ ದಿನಕ್ಕೆ ಬಿಡ್ತಾರೇನ್ರೀ? ಫಿಟ್ಸ್ ಬಂದು ಹೋಗ್ಬಿಡ್ತಿದ್ರಿ. ಯಾರನ್ನ ಕೇಳಿ ಬಿಟ್ರಿ ಮಂಗಳಮ್ಮ?"

"ಅರ್ಜೆಂಟಿತ್ತು ಡಾಕ್ಟ್ರೇ."

"ಇದಕ್ಕೆ ಅರ್ಜೆಂಟ್ ನಡಿಯಲ್ಲ. ತಿರುಗಿ ಎರಡು ಹೊತ್ತೂ ತಗೊಳ್ಳಿ. ಎರಡು ವಾರಕ್ಕೊಂದ್ಸಲ ಕಾಲು ಭಾಗ ಕಮ್ಮಿ ಮಾಡೋಣ. ತೀರಾ ಕಷ್ಟ ಆದ್ರೆ ಅಲ್ಲೇ ನಿಲ್ಸಿ ನನ್ ಹತ್ರ ಬನ್ನಿ, ಮುಂದೆ ಹೋಗ್ಬೇಡಿ."

ಎರಡು ಮಾತ್ರೆ, ಎಂಟು ಕಾಲು, ಹದಿನಾರು ವಾರ. ಅತ್ತೆಯ ಕಿವಿಗೆ ಅಷ್ಟು ಪುರುಸೊತ್ತು ಇದೆಯೋ ಇಲ್ಲವೋ ಎಂದು ನಾನು ಅವರ ಮುಖ ನೋಡಿದೆ. ಡಾಕ್ಟರು ಹೇಳಿದ್ದರಲ್ಲಿ ಅರ್ಧವೂ ಅವರಿಗೆ ಕೇಳಿಸಿರಲಿಲ್ಲ. ಕೈಬೆರಳಲ್ಲಿ ತೋರಿಸಿ ಹೇಳಿದ ಮೇಲೆ ಎದ್ದು ಹೋಗಿ ಅಡಕತ್ತರಿ ತಂದರು. ಆವತ್ತಿನಿಂದ ಮಾತ್ರೆ ಕತ್ತರಿಸುವುದು ಅವರ ಪಾಲಿನ ಕೆಲಸ. ಎಲೆಯಡಿಕೆ ಹಾಕಿ ಪಳಗಿದ ಕೈ, ಒಂದು ಚೂರು ಪುಡಿಯಾಗದಂತೆ ಸಮ ನಾಲ್ಕು ತುಂಡು ಮಾಡಿ, ನನ್ನ ಪಾಲಿನದನ್ನು ಅಂಗೈಯಲ್ಲಿಟ್ಟು, ಮಿಕ್ಕದ್ದನ್ನು ನನಗೆ ತೋರಿಸಿಯೇ ಕಿಟಕಿಯಿಂದ ಆಚೆ ಎಸೆಯುತ್ತಿದ್ದರು.

ಒಂದೊಂದು ಕಾಲು ಕಡಿಮೆಯಾದಾಗಲೂ ಮೂರು ನಾಲ್ಕು ದಿನ ಅದೇ ಪಾಡು, ಆದರೆ ಮೊದಲಿನಷ್ಟಲ್ಲ. ನಡುಕ ಬಂದರೆ ಬಟ್ಟೆ ಒಗೆಯುತ್ತಿದ್ದೆ, ಇರುವೆ ಹರಿದರೆ ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ ನಡೆಯುತ್ತಿದ್ದೆ. ಅತ್ತೆ ಅಂಗಾಲಿಗೆ ಹರಳೆಣ್ಣೆ ತಿಕ್ಕಿ, "ಬಾಣಂತಿ ಆಗಿದ್ರೆ ಹೀಗೇ ತಿಕ್ತಿದ್ದೆ, ನೀನು ಅದಕ್ಕೂ ಅವಕಾಶ ಕೊಡ್ಲಿಲ್ಲ" ಎಂದು ಬೈಯುತ್ತಿದ್ದರು. ನಾನು ಸುಧಾರಿಸಿದಂತೆ ಅವರ ಕಿವಿ ಹಿಂದೆ ಸರಿಯಿತು. ಮೊದಲು ಗೋಡೆ ಗಡಿಯಾರ ಹೋಯಿತು, ನಿಂತಿದೆಯೆಂದು ಕೀಲಿ ಕೊಡಲು ಹೋದರು. ಆಮೇಲೆ ಒಗ್ಗರಣೆಯ ಸಾಸಿವೆ. ಶ್ರಾವಣದ ಹೊತ್ತಿಗೆ ಬೀದಿಯ ಸೊಪ್ಪಿನವಳ ಕೂಗು. ಕೊನೆಗೆ ಉಳಿದದ್ದು ಸೈರನ್ ಮತ್ತು ಕಿವಿಗೆ ಬಾಯಿ ಹಚ್ಚಿ ಆಡಿದ ಮಾತು.

ನಿದ್ದೆ ಬಾರದ ಆ ಮಧ್ಯಾಹ್ನಗಳಲ್ಲಿ ನಾನು ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಊರನ್ನು ಕೇಳಿಸಿಕೊಂಡೆ. ಒಂಬತ್ತು ವರ್ಷವಾಗಿತ್ತು ಕೇಳಿ. ಉಪ್ಪಿನಕಾಯಿ ಜಾಡಿಯ ದನಿ ಇರಲಿಲ್ಲ, ಅದನ್ನು ಆಡುತ್ತಿದ್ದವನೇ ಹೋಗಿದ್ದ. ಎಮ್ಮೆಯನ್ನು ಬೈಯುವ ಮುದುಕ ಮಾತ್ರ ಇದ್ದ. ಎದುರು ಮನೆಯ ಕಿಟಕಿಯಿಂದ, ನನಗೆ ಹೊಸದರಲ್ಲಿ ರೊಟ್ಟಿ ತಟ್ಟುವುದನ್ನು ಕಲಿಸಿದ ಸಾವಂತ್ರಕ್ಕನ ದನಿ, "ಹಿಟ್ಟು ಬಿಸಿ ಇದ್ದಾಗ್ಲೇ ನಾದ್ಬೇಕಮ್ಮ" ಎಂದಿತು. ಆಕೆ ಹೋದಾಗ ಅಳಲೂ ಆಗದಂಥ ಮಬ್ಬಿನಲ್ಲಿದ್ದೆ ನಾನು. ಈಗ ಅತ್ತುಬಿಟ್ಟೆ. ಪಕ್ಕದಲ್ಲಿ ನಮ್ಮತ್ತೆ ಮಲಗಿದ್ದರು, ಅವರ ಬಾಯಿ "ಕೊಡೆ ಎಲ್ಲಿಟ್ಟೆ ಹಾಲೀ" ಎಂದ ಕೂಡಲೇ ನನಗೆ ನನ್ನ ಇಪ್ಪತ್ತೊಂದನೇ ವಯಸ್ಸು ಮುಂದೆ ಬಂದು ನಿಂತು ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದೆ. ಎಷ್ಟು ದಿನ ಕಳೆದುಕೊಂಡೆನಲ್ಲ ಎನ್ನಿಸಿತು.

ಕೊನೆಯ ಕಾಲು ಮಾತ್ರೆಯೂ ನಿಂತು ಹನ್ನೊಂದನೇ ದಿನ. ಅತ್ತೆ ಆಗ ನನ್ನ ಪಕ್ಕದಲ್ಲಿ ಕೂರುತ್ತಿರಲಿಲ್ಲ, ಒರಗಿ ಮಲಗಿ ಎಡಗಿವಿಯನ್ನು ನನ್ನ ತುಟಿಗೇ ಹಚ್ಚಿರುತ್ತಿದ್ದರು. ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ. ಏನು ಹೇಳಿದರೂ ಹೇಳಲಿ, ಕೇಳಬೇಕಾದವರು ಕೇಳಲಿ ಎಂದುಕೊಂಡೆ. ಸೈರನ್ ಐದು ನಿಮಿಷ ತಡವಾಗಿ ಕೂಗಿತು, ಈಗಿನವನಿಗೆ ಹೊತ್ತುಗೊತ್ತಿಲ್ಲ. ಅದನ್ನು ಬೈದುಕೊಳ್ಳುತ್ತಿದ್ದದ್ದು ನೆನಪಿದೆ. ಆಮೇಲೆ ನಿದ್ದೆ ಬಂದಿತ್ತು.

ಎಚ್ಚರವಾದದ್ದು ಅತ್ತೆ ಕೂಗಿದ್ದಕ್ಕೆ. ನೋಡಿದರೆ ಅವರು ಎದ್ದು ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾರೆ, ಕಣ್ಣಿಂದ ಧಾರೆ.

"ಬಂದ್ರಾ?" ಎಂದು ಅವರ ಕಿವಿಯಲ್ಲಿ ಕೇಳಿದೆ.

"ಬಂದ. ಅದೇ ದನಿ ಕಣೆ, ಮೂಗು ಕಟ್ಕೊಂಡಂಗಿರೋದು. 'ಲೇ ಮಂಗ್ಳಾ' ಅಂದ."

"ಆಮೇಲೆ?"

"'ಮೇಲಿನ್ ಡಬ್ಬಿ ನೋಡೇ, ಯಾವ್ದು ಅಂತ ನೀನೇ ಹೇಳು' ಅಂದ. ಅಷ್ಟೇ. ಯಾವ ಡಬ್ಬೀನೋ ಏನೋ, ನಂಗೇನೂ ತಿಳೀಲಿಲ್ಲ. ಇನ್ನೊಂದ್ ಮಾತಾಡ್ಲಿ ಅಂತ ಕಾಯ್ದೆ. ಆಡ್ಲಿಲ್ಲ. ತಡೀಲಾರ್ದೆ ನಾನೇ 'ಕೊಟ್ರಾ, ಉಂಡ್ಯೇನೋ' ಅಂದ್ಬಿಟ್ಟೆ."

"ಅತ್ತೇ! ಮಾತಾಡ್ಬಾರ್ದಿತ್ತು. ಇನ್ ಬರಲ್ಲ ಅವ್ರು."

"ಗೊತ್ತಮ್ಮ. ಈ ಊರಲ್ಲಿ ಹುಟ್ಟಿದೋಳು ನಾನು, ನಂಗೊತ್ತಿಲ್ವಾ? ಒಂಬತ್ತು ವರ್ಷದಿಂದ ಅದೊಂದೇ ಮಾತು ಗಂಟ್ಲಲ್ಲಿತ್ತು. ಉಂಡು ಹೋದ್ನೋ, ಹಸ್ಕೊಂಡು ಹೋದ್ನೋ ಅಂತ."

"ಏನಂದ್ರು?"

"'ಉಂಡೆ ಕಣವ್ವಾ' ಅಂದ."

ಅಷ್ಟು ಹೇಳಿ ಅವರು ಚಾಪೆಯ ಅಂಚನ್ನು ನೇವರಿಸುತ್ತ ಕೂತರು. ನಾನು ಏಣಿ ಹಾಕಿಕೊಂಡು ಅಟ್ಟ ಹತ್ತಿದೆ. ಗೋಣಿಚೀಲ ಮೂಲೆಯಲ್ಲಿ ಹಾಗೇ ಇತ್ತು, ಕೆಳಗಿಳಿಸಿ ಬಿಚ್ಚಿದೆ. ಕ್ಯಾರಿಯರಿನ ಕೊಂಡಿ ಕಿಲುಬು ಹಿಡಿದು ಜಗ್ಗಲಿಲ್ಲ, ಅತ್ತೆ ಕುಟ್ಟಾಣಿ ತಂದು ಎರಡೇಟು ಹಾಕಿದರು. ಕೆಳಗಿನ ಮೂರು ಡಬ್ಬಿ ತೊಳೆದು ಒರೆಸಿದ್ದವು, ಒಂದಗುಳೂ ಇಲ್ಲ. ಅತ್ತೆ ಒಂದೊಂದನ್ನೇ ಬೆಳಕಿಗೆ ಹಿಡಿದು ಒಳಗೆ ನೋಡಿದರು. ಊಟ ಮಾಡಿದ್ದರೆಂದು ನಾನು ಯಾವಾಗಲೋ ಹೇಳಬಹುದಿತ್ತು ಅವರಿಗೆ, ಬಿಚ್ಚಿ ನೋಡಿದ್ದರೆ.

ಮೇಲಿನ ಡಬ್ಬಿಯಲ್ಲಿ ನಾಲ್ಕಾಗಿ ಮಡಿಸಿದ ದಪ್ಪ ಕಾಗದವಿತ್ತು. ಬಣ್ಣದ ಅಂಗಡಿಯಲ್ಲಿ ಕೊಡುತ್ತಾರಲ್ಲ, ಆ ಶೇಡ್ ಕಾರ್ಡು. ಬೆಳಿಗ್ಗೆ ಮಿಲ್ಲಿಗೆ ಹೋಗುವ ದಾರಿಯಲ್ಲೇ ತಗೊಂಡಿರಬೇಕು. ಇಪ್ಪತ್ತನಾಲ್ಕು ಬಣ್ಣದ ಪುಟ್ಟ ಪುಟ್ಟ ಚೌಕಗಳು, ಒಂದೂ ಮಾಸಿರಲಿಲ್ಲ. ಮೂಲೆಯಲ್ಲಿ ಅವರ ಹೆಬ್ಬೆರಳಿನ ಗುರುತು, ಅದೇ ಹಾಳು ಬಣ್ಣದಲ್ಲಿ, ಉಗುರಿನ ಸಂದಿಯದು ಇನ್ನೂ ಹೋಗಿರಲಿಲ್ಲವೇನೋ. ಖಾಲಿ ಡಬ್ಬಿ ಕಳಿಸಿದವಳಿಗೆ ಬರೀ ಡಬ್ಬಿ ಹಿಂದಕ್ಕೆ ಕೊಟ್ಟಿರಲಿಲ್ಲ ಅವರು. ನಾನು ಒಂಬತ್ತು ವರ್ಷ ಯಾವ ಮಾತಿಗೆ ಹೆದರಿ ಬಾಯಿ ಮುಚ್ಚಿಸಿದ್ದೆನೋ ಆ ಮಾತು ಇಷ್ಟೇ ಆಗಿತ್ತು. ಅಳು ಹೊಟ್ಟೆಯೊಳಗಿಂದ ಬಂತು. ಅತ್ತೆ ತಡೆಯಲಿಲ್ಲ, ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ, ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದರು.

ಕತ್ತಲಾಗುವ ಮುಂಚೆ ಎದ್ದು ಮೇಲಿನ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಕಡಲೆಕಾಯಿ ಬೀಜ ಹುರಿದು ಹಾಕಿ ಒಂದು ತುಂಡು ಬೆಲ್ಲ ಇಟ್ಟು ಅತ್ತೆಗೆ ಕೊಟ್ಟೆ. ಅದರ ಕಥೆಯನ್ನೂ ಕಿವಿಯಲ್ಲಿ ಕೂಗಿ ಹೇಳಿದೆ, ಆ ದಿನ ಖಾಲಿ ಕಳಿಸಿದ್ದನ್ನೂ ಬಿಡದೆ. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅವರು ಒಂದು ಬೀಜ ಬಾಯಿಗೆ ಹಾಕಿಕೊಂಡು ಕಾರ್ಡನ್ನು ನನ್ನ ಕಡೆ ತಳ್ಳಿದರು.

"ಕೇಳಿದಾನಲ್ಲ, ಹೇಳು. ಯಾವ್ದು?"

ಇಪ್ಪತ್ತನಾಲ್ಕನ್ನೂ ಒಂದೊಂದಾಗಿ ನೋಡಿದೆ, ಮತ್ತೆ ಮೊದಲಿಂದ ನೋಡಿದೆ. ಅಡುಗೆಮನೆಯ ಬಾಗಿಲಿನ ಬಣ್ಣ ಅದರಲ್ಲಿರಲಿಲ್ಲ. ನಾನು ತಲೆ ಅಲ್ಲಾಡಿಸಿ ಬಾಗಿಲನ್ನೇ ತೋರಿಸಿದೆ.

ಅತ್ತೆ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೊಂದು ಬೀಜ ತೆಗೆದುಕೊಂಡರು.

"ಇರ್ಲಿ ಬಿಡು ಹಂಗಾದ್ರೆ," ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದರು. "ಕೊಳೆ ಕಾಣಲ್ಲ."